ಚೇಂಬರ್ ಗಾರ್ಡಿಗೆ ನಾಲ್ಕು ತೂತು

ಜನವರಿ 3, 2026, ಶನಿವಾರ
ಶ್ರೀರಂಗಪಟ್ಟಣ

ಇದನ್ನು ಬರೆಯದೆ ಬಿಟ್ಟುಬಿಡುವವಳಿದ್ದೆ: ಡಿಸೆಂಬರ್ ಒಂಬತ್ತರಂದು ಜೀಪು ಓಡಿಸುತ್ತಿದ್ದವಳು ನಾನು, ಚಿಕ್ಕಸ್ವಾಮಿಯಲ್ಲ.

ಇಷ್ಟು ಬರೆದು ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಪಕ್ಕದ ಕೋಣೆಯಲ್ಲಿ ಸುದರ್ಶನ್ ಕಾಲೇಜಿನ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದಾರೆ. ಮದುವೆಯಾಗಿ ಹದಿನೆಂಟು ವರ್ಷವಾಯಿತು. ಅವರಿಗೂ ನಾನು ಹೇಳಿಲ್ಲ.

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ನಮ್ಮ ಟ್ರಸ್ಟಿನ ಸಂಚಾರಿ ಪಶು ಚಿಕಿತ್ಸಾಲಯಕ್ಕೆ ನಾನು ವೈದ್ಯೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿಗೆ ಇರುವುದು ಒಂದು ಜೀಪು, ಒಬ್ಬ ಚಾಲಕ. ಹನ್ನೊಂದು ವರ್ಷದಿಂದ ಆ ಚಾಲಕ ಚಿಕ್ಕಸ್ವಾಮಿ. ಆ ದಿನ ಮಧ್ಯಾಹ್ನ ನಾಗಮಂಗಲದಾಚೆಯ ಹಳ್ಳಿಯಿಂದ ದ್ಯಾವಮ್ಮ ಎಂಬುವರ ಫೋನ್ ಬಂತು. ಹಸು ಕರು ಹಾಕಲಾಗದೆ ಒದ್ದಾಡುತ್ತಿದೆ ಎಂದರು. ಚಿಕ್ಕಸ್ವಾಮಿ ಬೆಳಗಿನಿಂದ ಏನೂ ತಿಂದಿರಲಿಲ್ಲ. 'ನೀವು ಪಕ್ಕದಲ್ಲಿ ಕೂತು ಊಟ ಮುಗಿಸಿ, ನಾನು ಓಡಿಸುತ್ತೇನೆ' ಎಂದೆ. ವೈದ್ಯರು ಸ್ಟೀರಿಂಗ್ ಮುಟ್ಟಬಾರದೆಂದು ಟ್ರಸ್ಟಿನ ನಿಯಮವಿದೆ. ಅದು ನನಗೆ ಗೊತ್ತಿತ್ತು.

ದಾರಿಯಲ್ಲಿ ಹುರುಳಿ ಒಕ್ಕಣೆಗೆ ಹರಡಿದ್ದರು. ಹುರುಳಿ ಬಳ್ಳಿಯ ಅಡಿಯಲ್ಲಿದ್ದ ಕಲ್ಲೊಂದು ಜೀಪಿನ ತಳಕ್ಕೆ ಬಡಿಯಿತು. ಎಂಜಿನ್ನಿನ ಕೆಳಗೆ ಎಣ್ಣೆ ನಿಲ್ಲುವ ಬಾಣಲೆಯಂಥ ಭಾಗವನ್ನು ಇಲ್ಲಿ ಚೇಂಬರ್ ಅನ್ನುತ್ತಾರೆ. ಅದು ಸೀಳಿತು. ಎಣ್ಣೆಯೆಲ್ಲ ಸೋರಿ, ಎರಡು ಕಿಲೋಮೀಟರು ಮುಂದೆ ಎಂಜಿನ್ ಸೀಜ್ ಆಗಿ ನಿಂತಿತು. ಉಳಿದ ದಾರಿಯನ್ನು ನಡೆದೆವು. ನಾವು ತಲುಪಿದಾಗ ಹಸುವಿಗೆ ಕತ್ತೆತ್ತುವ ಶಕ್ತಿಯೂ ಇರಲಿಲ್ಲ. ಕರುವನ್ನು ಎಳೆದು ಉಳಿಸಿದೆ. ತಾಯಿ ಉಳಿಯಲಿಲ್ಲ.

ವಾಪಸು ಬರುವಾಗ ಚಿಕ್ಕಸ್ವಾಮಿಯೇ ಹೇಳಿದ. 'ನನ್ನೆಸ್ರು ಬರ್ಕಳಿ ಡಾಕ್ಟ್ರಮ್ಮ. ನೀವು ಓಡುಸ್ದ್ರಿ ಅಂದ್ರೆ ಕೆಲ್ಸುಕ್ಕೇ ಕುತ್ತು. ನಂಗೇನು, ಎಲ್ಡು ಮಾತು ಬಯ್ತಾರೆ, ಬಯ್ಸ್ಕತೀನಿ.'

ಬರೆದೆ. ಡಿಸೆಂಬರ್ ಇಪ್ಪತ್ತೆರಡಕ್ಕೆ ಅವನನ್ನು ಕೆಲಸದಿಂದ ನಿಲ್ಲಿಸಿದರು. ಆಡಳಿತ ಮಂಡಳಿಯ ಅಂತಿಮ ತೀರ್ಮಾನ ಇನ್ನೂ ಆಗಿಲ್ಲ. ಜನವರಿ ಮೂವತ್ತೊಂದರ ಸಭೆಯಲ್ಲಿ ಆಗುತ್ತದಂತೆ. ಯಾರಾದರೂ ಹೆಚ್ಚಿನ ಹೇಳಿಕೆ ಕೊಡುವುದಿದ್ದರೆ ಅದಕ್ಕೆ ಮೊದಲೇ ಬರವಣಿಗೆಯಲ್ಲಿ ಟ್ರಸ್ಟಿನ ಮೈಸೂರು ಕಚೇರಿಗೆ ತಲುಪಬೇಕೆಂದು ಕಾರ್ಯದರ್ಶಿ ಸುಶಮೀಂದ್ರ ತಿಳಿಸಿದ್ದಾರೆ.

ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಟ್ರಸ್ಟಿಗೆ ಕೊಟ್ಟ ಅಪಘಾತದ ವರದಿಯನ್ನೂ ಇಂಗ್ಲಿಷಿನಲ್ಲೇ ಬರೆದೆ. ಪೆನ್ನು ಎಲ್ಲೂ ತಡೆಯಲಿಲ್ಲ. ಈ ಪುಸ್ತಕವನ್ನು ಕನ್ನಡದಲ್ಲಿ ಬರೆಯುತ್ತಿರುವುದು ಅದಕ್ಕೇ.

ಜನವರಿ 5, ಸೋಮವಾರ

ಟ್ರಸ್ಟು ಬೇರೊಂದು ಜೀಪು ಕಳಿಸಿದೆ. ಹಳೆಯದು, ನಾಲ್ಕೂ ಚಕ್ರಕ್ಕೆ ಎಳೆತವಿರುವುದು. ಮೊದಲು ತಳಕ್ಕೆ ಕಬ್ಬಿಣದ ತಗಡಿನ ಗಾರ್ಡ್ ಹಾಕಿಸಿ, ಆಮೇಲೆ ಹಳ್ಳಿಗಳಿಗೆ ಹೋಗಿ ಎಂದು ಸುಶಮೀಂದ್ರ ಹೇಳಿದರು. ಹಿಂದಿನ ಜೀಪಿಗೆ ಆ ತಗಡು ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲವಲ್ಲ ಎಂದರು. ಹೌದು ಎಂದೆ.

ಜೀಪು ತಂದ ಮೈಸೂರಿನ ಚಾಲಕನ ಜೊತೆ ಕಿರಂಗೂರು ದಾಟಿ ಪಾಂಡವಪುರಕ್ಕೆ ಹೋದೆ. ಶಂಕರ್ ಅವರ ವೆಲ್ಡಿಂಗ್ ಶೆಡ್ಡು ಅಲ್ಲಿದೆ. ಶ್ರೀರಂಗಪಟ್ಟಣದಲ್ಲೇ ನಾಲ್ಕು ವರ್ಕ್‌ಶಾಪುಗಳಿವೆ. ಚಿಕ್ಕಸ್ವಾಮಿ ಈಗ ಶಂಕರ್ ಹತ್ತಿರ ಕೆಲಸಕ್ಕಿದ್ದಾನೆಂದು ಯಾರೋ ಹೇಳಿದ್ದು ನನಗೆ ನೆನಪಿತ್ತು. ಹಾಗಿದ್ದೂ ಅಲ್ಲಿಗೇ ಏಕೆ ಹೋದೆ? ಅವನು ಚೆನ್ನಾಗಿದ್ದಾನೆಂದು ನೋಡಿ ಸಮಾಧಾನ ಮಾಡಿಕೊಳ್ಳುವುದಕ್ಕೋ?

'ಏನ್ ಡಾಕ್ಟ್ರಮ್ಮ, ಜೀಪ್‌ಗೆ ಲಾಳ ಒಡ್ಸಕ್ಕೆ ಬಂದ್ರಾ?' ಎಂದರು ಶಂಕರ್.

'ಲಾಳ ಕಾಲಿಗಲ್ಲವೇ? ಇದು ಹೊಟ್ಟೆಗೆ.'

'ಅಂಗಾರೆ ಒಟ್ಟೆಗೊಂದು ತಟ್ಟೆ ಕಟ್ಟುಮ ಬುಡಿ. ಚಿಕ್ಕಸ್ವಾಮಣ್ಣೋ, ಬಾ ಇಲ್ಲಿ, ನಿಮ್ ಡಾಕ್ಟ್ರಮ್ಮ ಬಂದವ್ರೆ!'

ಒಳಗಿನಿಂದ ಬಂದ. ಕಪ್ಪು ಕನ್ನಡಕವನ್ನು ಹಣೆಗೇರಿಸಿದ್ದ. ಹನ್ನೊಂದು ವರ್ಷ ಬೆಳಗ್ಗೆ ಎಂಟಕ್ಕೆ ಹೇಗೆ ನಮಸ್ಕಾರ ಹೇಳುತ್ತಿದ್ದನೋ ಹಾಗೇ ಹೇಳಿದ. ಗೋಣಿಚೀಲ ಹಾಸಿಕೊಂಡು ಜೀಪಿನಡಿ ಜಾರಿದ. ಅವನ ಎರಡು ಪಾದಗಳು ಮಾತ್ರ ಹೊರಗೆ ಕಾಣುತ್ತಿದ್ದವು.

'ಲೋ ಶಂಕ್ರ, ಐದು ಎಂ.ಎಂ. ಶೀಟು ಸಾಕು ಕಣ್ಲಾ. ಅದ್ಕಿಂತ ದಪ್ಪ ಆದ್ರೆ ಭಾರಕ್ಕೆ ಮೂತಿ ಬಗ್ಗೋಯ್ತದೆ. ಚೇಂಬರ್‌ಗೂ ತಗಡ್ಗೂ ಮಧ್ಯ ಎಲ್ಡು ಬೆಳ್ಳು ಜಾಗ ಬುಡು, ಏಟು ಬಿದ್ರೆ ತಗಡು ಬಗ್ಲಿ, ಚೇಂಬರ್‌ಗೆ ತಾಕ್ಬಾರ್ದು. ಗಾಡಿ ಚಾಸಿಗೆ ವೆಲ್ಡಿಂಗ್ ಮಾಡೀಯೆ ಮತ್ತೆ! ಬೋಲ್ಟ್ ಆಕು.'

'ನಂಗೇ ಪಾಠ ಯೋಳ್ತೀಯಾ? ಬಂದು ಇನ್ನೂ ಅದ್ನೈದು ದಿನ ಆಗಿಲ್ಲ.'

'ನೀನು ಗಾಡಿಯ ಮ್ಯಾಲಿಂದ ನೋಡಿರೋನು. ನಾನು ಕೆಳ್ಗಿಂದ ನೋಡಿವ್ನಿ.'

ಶಂಕರ್ ನಕ್ಕರು. ನನಗೂ ನಗು ಬಂತು. ಚಿಕ್ಕಸ್ವಾಮಿ ಹೊರಗೆ ಬಂದು ಸೀಮೆಸುಣ್ಣದಲ್ಲಿ ಶೀಟಿನ ಮೇಲೆ ಗೆರೆ ಎಳೆದ. 'ನಾಕು ತೂತು ಬುಡ್ಬೇಕು ಡಾಕ್ಟ್ರಮ್ಮ. ಎಣ್ಣೆ ಬೋಲ್ಟ್ ಕೆಳ್ಗೊಂದು, ಇಂದ್ಗಡೆ ಮೂರು. ಎಣ್ಣೆ ತೊಟ್ಟಿಕ್ಕುದ್ರೆ ನೆಲುಕ್ಕೆ ಬೀಳ್ಬೇಕು. ಕಸ ಉದ್ರೋಗ್ಬೇಕು.'

'ತೂತು ಬೇಡ' ಎಂದೆ. 'ಕಲ್ಲಿನ ಮೊನೆ ಅಲ್ಲೇ ನುಗ್ಗಿದರೆ? ಪೂರ್ತಿ ಮುಚ್ಚಿಬಿಡಿ.'

'ಎಣ್ಣೆ ಬದ್ಲಾಯ್ಸ್‌ವಾಗ ಪೂರಾ ಬಿಚ್ಬೇಕಾಯ್ತದೆ.'

'ಬಿಚ್ಚಿದರಾಯಿತು.'

ಅವನು ನನ್ನ ಮುಖವನ್ನೊಮ್ಮೆ, ಶೀಟನ್ನೊಮ್ಮೆ ನೋಡಿದ. 'ಆಯ್ತು ಬುಡಿ' ಎಂದು ಅಂಗೈಯಲ್ಲಿ ನಾಲ್ಕು ಗುರುತುಗಳನ್ನೂ ಒರೆಸಿದ.

ಜನವರಿ 7, ಬುಧವಾರ

ಗಾರ್ಡ್ ಹಾಕಿಯಾಯಿತು. ಹನ್ನೆರಡು ಬೋಲ್ಟು. ಅಲುಗಾಡಿ ಸದ್ದು ಮಾಡದಿರಲೆಂದು ಒಂದೊಂದಕ್ಕೂ ರಬ್ಬರ್ ವಾಷರ್ ಕೂರಿಸಿದ್ದಾನೆ. ನಾನು ಬಗ್ಗಿ ಬೆರಳಿನಿಂದ ಬಡಿದು ನೋಡಿದೆ. ಗಟ್ಟಿಯಾದ, ಮುಚ್ಚಿದ ಸದ್ದು. ಮುಂದಿನ ಬಂಪರಿನಿಂದ ಗೇರ್‌ಬಾಕ್ಸಿನವರೆಗೆ ಒಂದೇ ಒಂದು ಸಂದಿಯಿಲ್ಲ.

ಅವನೊಡನೆ ಬೇರೆ ಏನನ್ನೂ ಮಾತಾಡಲಿಲ್ಲ. ಮಾತಾಡಲು ಅವಕಾಶ ಸಿಗಲಿಲ್ಲ ಎಂದು ಬರೆಯಹೊರಟಿದ್ದೆ. ಒಂದೂವರೆ ಗಂಟೆ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ.

ಜನವರಿ 9, ಶುಕ್ರವಾರ

ಬೆಳಗ್ಗೆ ಜೀಪಿನಡಿ ನೋಡಿದೆ. ನೆಲ ಒಣಗಿದೆ. ಒಂದು ಹನಿ ಎಣ್ಣೆಯ ಕಲೆಯೂ ಇಲ್ಲ.

ಜನವರಿ 12, ಸೋಮವಾರ

ಸುಶಮೀಂದ್ರ ಅವರ ಪತ್ರ ಬಂದಿದೆ. ಹೊಸ ಚಾಲಕ ಸಿಗುವವರೆಗೆ ನಾನೇ ಜೀಪು ಓಡಿಸಬಹುದಂತೆ, ಅದಕ್ಕೆ ವಿಶೇಷ ಅನುಮತಿ ಕೊಟ್ಟಿದ್ದಾರೆ. ಯಾವ ನಿಯಮಕ್ಕೆ ಹೆದರಿ ಚಿಕ್ಕಸ್ವಾಮಿಯ ಹೆಸರು ಬರೆದೆನೋ ಅದು ಒಂದು ಸಹಿಯಲ್ಲಿ ಸಡಿಲವಾಯಿತು. ಪತ್ರವನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯೊಳಗೆ ಮಡಿಸಿಟ್ಟೆ.

ಈವತ್ತು ಕೆ.ಆರ್. ಪೇಟೆ ಕಡೆಯ ಸುತ್ತು. ಮಾಕವಳ್ಳಿಯ ಹತ್ತಿರ ಕಬ್ಬಿನ ಟ್ರಾಕ್ಟರುಗಳ ಸಾಲಿನ ಹಿಂದೆ ಮುಕ್ಕಾಲು ಗಂಟೆ ನಿಂತೆ. ರಸ್ತೆಯ ತುಂಬ ಕಬ್ಬಿನ ತರಗು ಬಿದ್ದಿತ್ತು. ಸುಮ್ಮನೆ ಕೂತಾಗ ಇನ್ನೊಂದು ವಿಷಯ ನೆನಪಾಯಿತು. ನೆನಪಾಯಿತು ಎನ್ನುವುದೂ ಸರಿಯಲ್ಲ, ಅದು ಯಾವತ್ತೂ ಮರೆತಿರಲಿಲ್ಲ.

ಆ ದಿನ ಹುರುಳಿ ಕಂಡ ಕೂಡಲೇ ಚಿಕ್ಕಸ್ವಾಮಿ ತುತ್ತು ಕೈಯಲ್ಲಿ ಹಿಡಿದೇ ಹೇಳಿದ್ದ. 'ಮದ್ಯುಕ್ಕೇ ಬುಡಿ ಡಾಕ್ಟ್ರಮ್ಮ, ಮ್ಯಾಲೆ ಅತ್ಲಿ ಅಂತ್ಲೇ ಅರ್ಡಿರೋದು. ಅಂಚ್ಗೆ ಓಗ್ಬೇಡಿ. ಗಾಡಿಗೋಳು ಅಂಚಲ್ಲಿ ತಪ್ಪುಸ್ಕಂಡು ಓಗ್ಬಾರ್ದು ಅಂತ ಕಲ್ಲು ಮಡ್ಗಿರ್ತಾರೆ.'

ನಾನು ಅಂಚಿಗೇ ತಿರುಗಿಸಿದೆ.

ನಮ್ಮ ಮನೆಯಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿಕಾಳು ಕಾಲಿಗೆ ತಾಕಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಿತ್ತು. ಅಪ್ಪ ದೇವಸ್ಥಾನದ ಕೆಲಸದಲ್ಲಿದ್ದವರು. ತಿನ್ನುವ ಧಾನ್ಯದ ಮೇಲೆ ಚಕ್ರ ಹರಿಸುವುದು ಈ ಕೆಲಸಕ್ಕೆ ಸೇರಿ ಹದಿನಾರು ವರ್ಷವಾದರೂ ನನ್ನಿಂದಾಗಿಲ್ಲ. ಹರಡಿದವರೇ ಹರಿಸಿ ಎಂದು ಕಾಯುತ್ತಿರುತ್ತಾರೆ, ಆದರೂ ಪಕ್ಕಕ್ಕೆ ಹೋಗುತ್ತೇನೆ. ಅದನ್ನು ಒಳ್ಳೆಯ ಗುಣವೆಂದೇ ತಿಳಿದಿದ್ದೆ. ಗೊತ್ತಿದ್ದವನೊಬ್ಬ ಪಕ್ಕದಲ್ಲೇ ಕೂತು ಹೇಳುತ್ತಿರುವಾಗ ಕೇಳದಿರುವುದು ಯಾವ ಗುಣ?

ವರದಿಯಲ್ಲಿ 'ಕಲ್ಲು ಕಾಣುತ್ತಿರಲಿಲ್ಲ' ಎಂದಿದೆ. ಅದು ನಿಜ. ಅವನು ಹೇಳಿದ್ದ ಎಂಬುದು ಅಲ್ಲಿಲ್ಲ.

ಜನವರಿ 15, ಗುರುವಾರ

ಸಂಕ್ರಾಂತಿ. ಎಳ್ಳು ಬೀರಲು ಬಂದವರೆಲ್ಲ ಹೋದ ಮೇಲೆ ಸುದರ್ಶನ್‌ಗೆ ಹೇಳಿದೆ. ಎಲ್ಲವನ್ನೂ ಅಲ್ಲ. ಓಡಿಸಿದ್ದು ನಾನು ಎಂಬುದನ್ನಷ್ಟೇ.

ಅವರು ಕಬ್ಬಿನ ತುಂಡನ್ನು ತಟ್ಟೆಯಲ್ಲಿಟ್ಟರು. 'ಅವನೇ ಒಪ್ಪಿಕೊಂಡಿದಾನಲ್ಲ ಅರ್ಚನ. ಈಗ ನೀನು ಹೇಳಿದರೆ ಅವನೂ ಸುಳ್ಳುಗಾರ ಅಂತಲೇ ಆಗುತ್ತೆ. ಅವನಿಗೂ ಒಳ್ಳೇದಲ್ಲ, ನಿನಗೂ ಅಲ್ಲ. ಅವನಿಗೆ ಬೇರೆ ಎಲ್ಲಾದರೂ ಕೆಲಸ ನೋಡೋಣ.'

ಈ ಮಾತು ನನಗೆ ಹಿತವಾಯಿತು. ಹಿತವಾಯಿತೆಂಬ ಕಾರಣಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಜನವರಿ 16, ಶುಕ್ರವಾರ

ನೆಲ ಒಣಗಿದೆ.

ಜನವರಿ 19, ಸೋಮವಾರ



ನಾಗಮಂಗಲದ ಕಡೆ ಕರು ಹಾಕಿದ ಹಸುವೊಂದು ಮೇಲೇಳುತ್ತಿಲ್ಲ ಎಂದು ಕರೆ ಬಂತು. ಹಾಲು ಜ್ವರ. ಬೇಗ ಸುಣ್ಣದಂಶ ರಕ್ತಕ್ಕೆ ಕೊಟ್ಟರೆ ಎದ್ದು ನಿಲ್ಲುತ್ತದೆ, ತಡವಾದರೆ ಇಲ್ಲ. ದಾರಿಯಲ್ಲಿ ಮತ್ತೆ ಹುರುಳಿ. ಕೊನೆಯ ಕೊಯ್ಲಿರಬೇಕು. ಈ ಸಲ ಹಲ್ಲು ಕಚ್ಚಿ ಮಧ್ಯದಲ್ಲೇ ಹರಿಸಿದೆ. ಹೆಂಗಸೊಬ್ಬಳು ಮೊರ ಎತ್ತಿ ಸಂತೋಷದಿಂದ ಕೈಬೀಸಿದಳು. ಮೂರ್ನಾಲ್ಕು ಕಡೆ ಹಾಗೇ ದಾಟಿದೆ. ಚಕ್ರದಡಿ ಕಾಯಿಗಳು ಒಡೆಯುವ ಸದ್ದು ಕೇಳಲು ಚೆನ್ನಾಗಿಯೇ ಇತ್ತು.

ಆಮೇಲೆ ಸುಟ್ಟ ವಾಸನೆ ಬಂತು. ಬಾನೆಟ್ಟಿನ ಸಂದಿಯಿಂದ ತೆಳ್ಳಗೆ ಹೊಗೆ ಎದ್ದಿತು. ಕೂಡಲೇ ನಿಲ್ಲಿಸಿದೆ. ಪಕ್ಕದ ಹೊಲದಿಂದ ಮುದ್ದಯ್ಯ ಎಂಬುವರು ಓಡಿಬಂದರು.

'ಇಳೀರವ್ವ, ಇಳೀರಿ ಮೊದ್ಲು! ಔಸ್ದಿ ಪೆಟ್ಗೆ ಆಮ್ಯಾಕೆ!'

ಪೆಟ್ಟಿಗೆಯನ್ನು ಎತ್ತಿಕೊಂಡೇ ಇಳಿದೆ. ಅವರು ಪಂಪ್‌ಸೆಟ್ಟಿನ ಪೈಪು ಎಳೆದು ತಂದು ತಳಕ್ಕೆ ನೀರು ಬಿಟ್ಟರು. ಬುಸ್ಸೆಂದು ಕರಿಹೊಗೆ ಬಂತು. ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದರು. 'ಉಳ್ಳಿ ಬಳ್ಳಿ ಎಲ್ಲ ಒಳ್ಗೇ ಸೇರ್ಕಂಡು ಒತ್ಕಂಡದೆ. ಯಾರವ್ವ ಇಂಗೆ ಒಂದ್ ತೂತೂ ಇಲ್ದಂಗೆ ತಗಡು ಬಡ್ದೋನು? ಬುದ್ದಿ ಇಲ್ವಾ ಅವ್ನ್ಗೆ?'

'ಬಡಿದವರದ್ದು ತಪ್ಪಲ್ಲ. ತೂತು ಬೇಡ ಎಂದು ಹೇಳಿದ್ದು ನಾನೇ' ಎಂದೆ.

ಹಸು ಕಾಯುತ್ತಿತ್ತು. ನಿಮ್ಮ ಬೈಕಿನಲ್ಲಿ ಬಿಡುತ್ತೀರಾ ಎಂದು ಕೇಳಿದೆ. ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತೆ. ಹತ್ತು ನಿಮಿಷ ಹಿಡಿಯಿತು. ಬಾಟಲು ಅರ್ಧವಾಗುವಷ್ಟರಲ್ಲಿ ಹಸು ಕಿವಿ ಆಡಿಸಿತು. ಮುಕ್ಕಾಲು ಗಂಟೆಗೆ ಎದ್ದು ನಿಂತಿತು.

ಜನವರಿ 20, ಮಂಗಳವಾರ

ಜೀಪನ್ನು ಟ್ರಾಕ್ಟರಿಗೆ ಕಟ್ಟಿ ಪಾಂಡವಪುರಕ್ಕೆ ತಂದೆವು. ಚಿಕ್ಕಸ್ವಾಮಿ ಹನ್ನೆರಡು ಬೋಲ್ಟನ್ನೂ ಬಿಚ್ಚಿ ತಗಡನ್ನು ಎದೆಯ ಮೇಲೆ ಇಳಿಸಿಕೊಂಡ. ಶಂಕರ್ ಮತ್ತು ಅವನು ಸೇರಿ ಅದನ್ನು ಹೊರಗೆಳೆದರು.

ತಟ್ಟೆಯ ತುಂಬ ಹುರುಳಿಯ ಬಳ್ಳಿ, ಕಬ್ಬಿನ ತರಗು, ಅರ್ಧ ಸುಟ್ಟು ಚಾಪೆಯಂತೆ ಹೆಣೆದುಕೊಂಡಿದ್ದವು. ಅವನು ಒಂದು ಹಿಡಿ ಹಿಂಡಿದ. ಬೆರಳ ಸಂದಿಯಿಂದ ಕಪ್ಪು ಎಣ್ಣೆ ಇಳಿಯಿತು.

'ಆಯಿಲ್ ಸೀಲ್ ಓಗಿ ಅದೆಷ್ಟ್ ದಿನ ಆಯ್ತೋ. ಸೋರ್ತಾ ಇತ್ತು.'

'ದಿನಾ ಬೆಳಗ್ಗೆ ನೋಡುತ್ತಿದ್ದೆ. ನೆಲ ಒಣಗೇ ಇತ್ತು.'

'ಒಣಗ್ದೆ ಇನ್ನೇನು? ಎಲ್ಲಾನೂ ಈ ತಟ್ಟೆ ಕುಡ್ಕಂಡು ಕುಂತದೆ.'

ಶಂಕರ್ ಊಟಕ್ಕೆ ಹೋದರು. ಚಿಕ್ಕಸ್ವಾಮಿ ತಗಡನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸೀಮೆಸುಣ್ಣದಲ್ಲಿ ಮತ್ತೆ ಆ ನಾಲ್ಕು ಗುರುತುಗಳನ್ನು ಹಾಕಿದ. ನನ್ನನ್ನು ಕೇಳಲಿಲ್ಲ. ಒಂದು ತೂತು ಕೊರೆದಾದ ಮೇಲೆ ಡ್ರಿಲ್ಲನ್ನು ಆರಿಸಿ, ನನ್ನ ಕಡೆ ನೋಡದೆ ಮಾತಾಡಿದ.

'ಪೇಟೆಯಲ್ಲಿ ಇಸ್ಕೂಲ್ ಬಸ್ಸುಗೆ ಡ್ರೈವರ್ ಬೇಕು ಅಂದ್ರು. ನೋಡಿ ಒಪ್ಕಂಡ್ರು. ಇಂದ್ಲ ಕೆಲ್ಸದ್ ಕಾಗ್ದ ತತ್ತಾ ಅಂದ್ರು. ನಮ್ ಮೈಸೂರ್ ಆಪೀಸ್ಗೆ ಓಗಿ ಕೇಳ್ದೆ. ನೀವ್ ಬರ್ದಿದ್ ಕಾಗ್ದ ಓದಿ ಯೋಳುದ್ರು.'

ನನಗೆ ಗೊತ್ತಾಯಿತು. ಅವನು ಏನು ಹೇಳುತ್ತಾನೆಂದು ಮೊದಲೇ ಗೊತ್ತಾಯಿತು.

'ಓಡುಸ್ದೋನು ಇವ್ನೇ ಅಂತ ಬರ್ದದೆ. ಅದು ಸರಿ, ನಾನೇ ಯೋಳಿದ್ದೆ. ಎಣ್ಣೆ ಕೆಂಪ್ ಲೈಟ್ ಉರುದ್ರೂ ನಿಲ್ಲುಸ್ನಿಲ್ಲ ಅಂತ ಬರ್ದದೆ. ಅದ ನಾನು ಯಾವತ್ತು ಯೋಳಿದ್ದೆ ಡಾಕ್ಟ್ರಮ್ಮ?' ಡ್ರಿಲ್ಲಿನ ಮೊನೆಯನ್ನು ಬಟ್ಟೆಯಿಂದ ಒರೆಸುತ್ತಿದ್ದ. 'ಕಲ್ಲು ಯಾರ್ಗಾರ ಒಡೀತದೆ, ಅದ್ಕೆ ಮಾನ ಓಗಕ್ಕಿಲ್ಲ. ಕೆಂಪ್ ಲೈಟ್ ನೋಡ್ಕಂಡು ಗಾಡಿ ಓಡ್ಸೋನು ಡ್ರೈವರಾ? ಮಕ್ಳ ತುಂಬ್ಕಂಡೋಗೋ ಬಸ್ಸ ಅಂತೋನ್ ಕೈಗೆ ಯಾರು ಕೊಟ್ಟಾರು? ಅವ್ರು ಕೊಡಕ್ಕಿಲ್ಲ ಅಂದ್ರು. ಸರಿಯಾಗೇ ಅಂದ್ರು.'

ಚಿಕ್ಕಸ್ವಾಮಿಯವರು ಮತ್ತೆ ಡ್ರಿಲ್ಲು ಶುರುಮಾಡಿದರು. ಮೂರು ತೂತು ಮುಗಿಯುವವರೆಗೆ ಆ ಸದ್ದಿನಲ್ಲಿ ಯಾರೂ ಏನೂ ಹೇಳುವಂತಿರಲಿಲ್ಲ.

ಈಗ ಉಳಿದದ್ದನ್ನೂ ಬರೆಯುತ್ತೇನೆ. ಕಲ್ಲು ಬಡಿದು ಅರ್ಧ ನಿಮಿಷವೂ ಆಗಿರಲಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಯ ಕೆಂಪು ದೀಪ ಹತ್ತಿತು. ಅವರು ಊಟದ ಡಬ್ಬಿ ಕೆಳಗಿಟ್ಟು, 'ನಿಲ್ಸಿ ಡಾಕ್ಟ್ರಮ್ಮ, ಎಂಜಿನ್ ಆರ್ಸಿ. ದ್ಯಾವಮ್ಮನ್ ಮನೇರ್ಗೆ ಫೋನ್ ಮಾಡಿ ಬೈಕ್ ತರುಸ್ತೀನಿ, ನೀವು ಬೈಕಲ್ಲಿ ಓಗಿ' ಎಂದರು. ಫೋನ್ ಕಿವಿಗೆ ಇಟ್ಟೂ ಇದ್ದರು. ನಾನು ಬೇಡ ಎಂದು ಕೈಯಾಡಿಸಿದೆ. ಇನ್ನೇನು ಬಂತು, ಮೂರು ಕಿಲೋಮೀಟರು ಎಂದೆ. ಎರಡು ಹೋದೆವು. ಕೊನೆಯ ಒಂದು ಕಿಲೋಮೀಟರನ್ನು ಪೆಟ್ಟಿಗೆ ಹೊತ್ತು ಏರಿನಲ್ಲಿ ನಡೆದೆವು.

ನಿನ್ನೆ ಬೈಕಿನಲ್ಲಿ ಹೋದದ್ದು ಹತ್ತು ನಿಮಿಷ.

ವರದಿಯ ನಮೂನೆಯಲ್ಲಿ ಎಚ್ಚರಿಕೆಯ ದೀಪ ಹತ್ತಿದಾಗ ಚಾಲಕ ವಾಹನ ನಿಲ್ಲಿಸಿದನೇ ಎಂಬ ಪ್ರಶ್ನೆಯಿತ್ತು. ಇಲ್ಲ ಎಂದು ಬರೆದೆ. ಕೆಳಗೆ ಅವರಿಂದ ಸಹಿ ಹಾಕಿಸಿದೆ. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ.

ಜನವರಿ 22, ಗುರುವಾರ

ದ್ಯಾವಮ್ಮನವರ ಮನೆಗೆ ಹೋಗಿದ್ದೆ. ಯಾರೂ ಕರೆದಿರಲಿಲ್ಲ.

ಕರು ಚೆನ್ನಾಗಿದೆ. ಹೆಣ್ಣು ಕರು, ಹಣೆಯ ಮೇಲೆ ಬಿಳಿ ಮಚ್ಚೆ. ನೆರೆಮನೆಯ ಹಸುವಿನ ಹಾಲನ್ನು ಬಾಟಲಿನಲ್ಲಿ ಕುಡಿಸಿ ಸಾಕಿದ್ದಾರೆ. ನನ್ನ ಕೈಯನ್ನೂ ಚೀಪಲು ಬಂತು. ದ್ಯಾವಮ್ಮ ಕಾಫಿ ಮಾಡಿದರು. ಬೇಡವೆಂದರೂ ಕೇಳಲಿಲ್ಲ.

'ನಿಮ್ ಡ್ರೈವರಪ್ಪ ಬರ್ನಿಲ್ವಾ? ಒಳ್ಳೆ ಮನ್ಸ. ಅವತ್ತು ನಮ್ ಉಡ್ಗುಂಗೆ ಫೋನ್ ಮಾಡಿ, ಬೈಕ್ ತಕ್ಕ ಬಾರ್ಲಾ ಅಂದ್ರಂತೆ. ಇವ್ನು ಕೀ ಉಡುಕ್ಕಳ ವತ್ಗೆ, ಬ್ಯಾಡ ಕಣಪ್ಪ, ಡಾಕ್ಟ್ರಮ್ಮ ಬತ್ತಾವ್ರೆ ಅಂದ್ರಂತೆ.'

ಕಾಫಿಯ ಲೋಟವನ್ನು ಜಗಲಿಯ ಮೇಲಿಟ್ಟೆ. ಬೇಡ ಎಂದದ್ದು ನಾನು, ಜೀಪು ಓಡಿಸುತ್ತಿದ್ದದ್ದೂ ನಾನು, ಬೈಕಿನಲ್ಲಿ ಬಂದಿದ್ದರೆ ನಿಮ್ಮ ಹಸು ಉಳಿಯುವ ಸಾಧ್ಯತೆ ಇತ್ತು ಎಂದು ಹೇಳಿದೆ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದೆನೆಂದು ಕಾಣುತ್ತದೆ.

ಅವರು ಕರುವಿನ ಕುತ್ತಿಗೆಯ ಹಗ್ಗವನ್ನು ಸಡಿಲ ಮಾಡಿದರು, ಮತ್ತೆ ಬಿಗಿ ಮಾಡಿದರು. ಆಮೇಲೆ ಕೇಳಿದರು.

'ಆ ಡ್ರೈವರಪ್ಪ ಬರ್ದೆ ಇರೋದು ಇದ್ಕೇಯಾ? ಕೆಲ್ಸದಿಂದ ತೆಗುದ್ರಾ?'

'ಹೌದು.'

'ಅಂಗಾರೆ ನನ್ತಾವ್ ಯಾಕವ್ವ ಯೋಳ್ತೀಯೆ? ನನ್ ಅಸ ಓಯ್ತು, ಇನ್ ಬಂದಾದಾ? ಆ ಮನ್ಸ ಬದುಕವ್ನಲ್ಲ. ಅವ್ನ್ನ ತೆಗ್ದೋರ್ ತಾವ್ ಓಗಿ ಯೋಳು.'

ಹೊರಡುವಾಗ ಬಾಗಿಲವರೆಗೆ ಬರಲಿಲ್ಲ.

ಜನವರಿ 24, ಶನಿವಾರ

ಪತ್ರವನ್ನು ನಿನ್ನೆ ಬರೆದೆ. ಆಡಳಿತ ಮಂಡಳಿಗೆ, ಕನ್ನಡದಲ್ಲಿ, ಎರಡು ಪುಟ. ಓಡಿಸಿದವಳು ನಾನು. ಅಂಚಿಗೆ ಹೋಗಬೇಡಿ ಎಂದದ್ದು ಅವರು. ದೀಪ ಹತ್ತಿದಾಗ ನಿಲ್ಲಿಸಿ ಎಂದದ್ದು ಅವರು, ನಿಲ್ಲಿಸದವಳು ನಾನು. ಓದಲು ಬಾರದ ಕಾಗದಕ್ಕೆ ಅವರಿಂದ ಸಹಿ ಹಾಕಿಸಿದವಳೂ ನಾನು.

ಬೆಳಗ್ಗೆ ಪಾಂಡವಪುರಕ್ಕೆ ಹೋದೆ. ಸೀಲ್ ಬದಲಾಯಿಸಿಯಾಗಿತ್ತು. ಅವರು ಜೀಪಿನಡಿ ಮಲಗಿ ಗಾರ್ಡಿನ ಬೋಲ್ಟುಗಳನ್ನು ಬಿಗಿಯುತ್ತಿದ್ದರು. ಕಾಗದ ತಂದಿದ್ದೇನೆ, ನೀವೇ ಓದಿ ಎಂದೆ.

'ಕೈಯೆಲ್ಲ ಗ್ರೀಸು. ನೀವೇ ಓದಿ, ಕೇಳುಸ್ಕತೀನಿ.'

ಶಂಕರ್ ಗ್ರೈಂಡರ್ ಆರಿಸಿದರು. ಶೆಡ್ಡಿನ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಆ ಎರಡು ಪಾದಗಳಿಗೆ ಕೇಳುವಂತೆ ಓದಿದೆ. ಸ್ಪ್ಯಾನರಿನ ಸದ್ದು ನಿಂತಿತ್ತು. ಒಂದು ಕಡೆ ನಾನು 'ಚಿಕ್ಕಸ್ವಾಮಿಯವರು ತಮ್ಮ ಒಳ್ಳೆಯತನದಿಂದ ತಪ್ಪನ್ನು ತಾವಾಗಿಯೇ ಮೇಲೆ ಹಾಕಿಕೊಂಡರು' ಎಂದು ಬರೆದಿದ್ದೆ.

'ಅದ ತೆಗೀರಿ' ಎಂದರು ಕೆಳಗಿನಿಂದ.

'ಯಾವುದನ್ನು?'

'ಒಳ್ಳೇತನ ಅಂತ. ಒಳ್ಳೇತನ ಎಲ್ಲಿತ್ತು? ಜೀಪಿಳ್ದು ಸುಮ್ನೆ ನಿಂತಿದ್ರಿ ನೀವು. ಒಂದ್ ಮಾತಾಡ್ನಿಲ್ಲ. ನಾನು ಯೋಳ್ಲಿ ಅಂತ ನಿಂತಿದ್ರಿ. ಅನ್ನೊಂದ್ ವರ್ಸ ಜೊತೇಲಿ ಓಡಾಡಿ ಅಷ್ಟೂ ಗೊತ್ತಾಗಕ್ಕಿಲ್ವಾ? ಬೆಳುಗ್ಗೆ ಎದ್ರೆ ನಿಮ್ ಮುಕನೇ ನೋಡ್ಬೇಕು. ಅದ್ಕೆ ಯೋಳ್ದೆ.'

ಶಂಕರ್ ಬಾಗಿಲ ಕಡೆ ತಿರುಗಿ ನಿಂತರು.

ನಾನು ಹಾಗೆ ನಿಂತಿದ್ದೆನೇ? ಇಲ್ಲಿ ಕೂತು ಬಹಳ ಹೊತ್ತು ಯೋಚಿಸಿದೆ. ರಸ್ತೆಯ ಪಕ್ಕದಲ್ಲಿ ಜಾಲಿಮರವೊಂದಿತ್ತು. ಜೀಪಿನ ಕೆಳಗಿನಿಂದ ಎಣ್ಣೆಯ ಗೆರೆ ಬಂದ ದಾರಿಯುದ್ದಕ್ಕೂ ಕಾಣುತ್ತಿತ್ತು. ನಾನು ಅದನ್ನೇ ನೋಡುತ್ತ ನಿಂತಿದ್ದೆ. ವಾಪಸು ಬರುವಾಗಲೂ ಅಲ್ಲೇ ನಿಂತೆ. ಅವರು ಮಾತಾಡುವವರೆಗೆ ನಿಂತೆ.

ಶೆಡ್ಡಿನಲ್ಲೇ ಆ ಸಾಲು ಹೊಡೆದುಹಾಕಿ, 'ಅವರು ಹೇಳಲೆಂದು ನಾನು ಕಾದೆ' ಎಂದು ಬರೆದು ಓದಿದೆ.

'ಉಂ' ಎಂದರು. ಸ್ಪ್ಯಾನರ್ ಮತ್ತೆ ತಿರುಗಿತು. ಎರಡು ಬೋಲ್ಟಾದ ಮೇಲೆ ಹೊರಗೆ ಜಾರಿ ಬಂದು, ಮೊಣಕೈಯಿಂದ ಮುಖ ಒರೆಸಿಕೊಂಡರು. 'ಕೆಲ್ಸ ಓದ್ರೆ ಏನ್ ಮಾಡೀರಿ?'

'ಗೊತ್ತಿಲ್ಲ.'

'ನೋಡಿ, ಅಳೆ ಗೋಣೀಚೀಲ ಇನ್ನೊಂದದೆ' ಎಂದು ಶಂಕರ್ ಬಾಗಿಲಿಂದಲೇ ಹೇಳಿದರು. 'ನೀವೂ ಜೀಪ್ ಕೆಳಿಕ್ಕೆ ಬಂದ್ಬುಡಿ ಡಾಕ್ಟ್ರಮ್ಮ.'

ಚಿಕ್ಕಸ್ವಾಮಿಯವರು ನಗಲಿಲ್ಲ. ಹೊಟ್ಟೆ ತುಂಬಿದವರ ತಮಾಷೆಯೇ ಬೇರೆ ಎನ್ನುವಂತೆ ಶಂಕರ್ ಕಡೆ ನೋಡಿದರು ಅಷ್ಟೇ. ಜೀಪಿನ ಕೀಲಿಯನ್ನು ನನ್ನ ಕೈಗಿಡಲಿಲ್ಲ, ಬಾನೆಟ್ಟಿನ ಮೇಲಿಟ್ಟರು.

ಜನವರಿ 25, ಭಾನುವಾರ

ಬೆಳಗ್ಗೆ ಜೀಪಿನಡಿ ಹಳೆಯ ಪೇಪರ್ ಹಾಸಿ ನೋಡಿದೆ. ಹಿಂದಿನ ತೂತಿನ ಕೆಳಗೆ ಎರಡು ಹನಿ ಎಣ್ಣೆ ಬಿದ್ದಿತ್ತು. ಚಿಕ್ಕಸ್ವಾಮಿಯವರಿಗೆ ಫೋನ್ ಮಾಡಿದೆ. ತಗಡಿನಲ್ಲಿ ಉಳಿದಿದ್ದ ಹಳೆಯ ಎಣ್ಣೆಯಿರಬಹುದು, ನಾಳೆಯೂ ಬಿದ್ದರೆ ತನ್ನಿ ಎಂದರು. ಅಷ್ಟೇ ಮಾತು.

ಸುದರ್ಶನ್ ಪತ್ರವನ್ನು ಎರಡು ಸಲ ಓದಿದರು. ಇನ್ನೊಂದೆರಡು ದಿನ ಯೋಚಿಸಬಹುದಲ್ಲ ಎಂದರು. ಆಮೇಲೆ ತಾವೇ ಎದ್ದು ಹೋಗಿ ಡ್ರಾಯರಿನಿಂದ ಉದ್ದನೆಯ ಲಕೋಟೆ ತಂದುಕೊಟ್ಟರು.

ಅಂತಿಮ ಪ್ರತಿಯನ್ನು ನೀಟಾಗಿ ಬರೆದೆ. ಒಂದು ನಕಲು ಶಾಲೆಯ ಬಸ್ಸಿನವರಿಗೆ, ಇನ್ನೊಂದು ಚಿಕ್ಕಸ್ವಾಮಿಯವರಿಗೆ. ಅವರ ಹತ್ತಿರ ಇರಲಿ, ಯಾರ ಕೈಯಲ್ಲೂ ಓದಿಸಿಕೊಳ್ಳಬೇಕಾಗಿಲ್ಲ. ಈವತ್ತು ಅಂಚೆ ಕಚೇರಿಗೆ ರಜೆ. ನಾಳೆ ಗಣರಾಜ್ಯೋತ್ಸವ, ನಾಳೆಯೂ ರಜೆ. ಸಿಕ್ಕಿದ ಈ ಒಂದು ದಿನಕ್ಕೆ ನನಗೆ ಹಗುರವೆನ್ನಿಸಬಾರದಿತ್ತು. ಅನ್ನಿಸಿತು. ಅದಕ್ಕೇ ಲಕೋಟೆಗೆ ಈಗಲೇ ಅಂಟು ಹಾಕಿ, ಹಿಂಬದಿಯಲ್ಲಿ ನನ್ನ ಹೆಸರಿನ ಕೆಳಗೆ ಅಂಚೆಗೆ ಹಾಕುವ ತಾರೀಕನ್ನೂ ಬರೆದಿಟ್ಟಿದ್ದೇನೆ:

ಶ್ರೀರಂಗಪಟ್ಟಣ ಅಂಚೆ ಕಚೇರಿ, ಸ್ಪೀಡ್ ಪೋಸ್ಟ್, ಜನವರಿ 27, ಮಂಗಳವಾರ.